ಬಿಸಿ ತಂಪಿನ ಪಾಠ ಹೇಳಿದ ರಮಾಬಾಯಿ ಅಕ್ಕಾರು

ಬಾಗಲಕೋಟೆ ಜಿಲ್ಲೆಯ ಪ್ರಾಥಮಿಕ ಶಿಕ್ಷಣ ಕ್ಷೇತ್ರದಲ್ಲಿ ದೊಡ್ಡ ಪಾಠ ಹೇಳಿ ಹೆಸರು ಮಾಡಿದವರಿಗೆ ಕೊರತೆಯಿಲ್ಲ. ಗಣಿತದಲ್ಲಿ ಎತ್ತಿದ ಕೈ ಎನಿಸಿದವರಿದ್ದಾರೆ, ವಿಜ್ಞಾನ ಮೇಳಗಳಿಂದ ಬಹುಮಾನ ಹೊತ್ತು ತಂದವರಿದ್ದಾರೆ, ನಾಟಕ ಆಡಿಸಿ ಊರಿಗೆ ಊರನ್ನೇ ಶಾಲೆಯ ಅಂಗಳಕ್ಕೆ ಎಳೆತಂದವರಿದ್ದಾರೆ. ಶ್ರೀಮತಿ ರಮಾಬಾಯಿ ದೇವಪ್ಪ ಶಿರೂರ ಅವರು ಈ ಯಾವ ಸಾಲಿನಲ್ಲೂ ನಿಂತವರಲ್ಲ. ಸೇವೆಯ ಉದ್ದಕ್ಕೂ ಅವರು ಒಂದನೆಯ ಮತ್ತು ಎರಡನೆಯ ಇಯತ್ತೆ ಬಿಟ್ಟು ಮೇಲಕ್ಕೆ ಹತ್ತಲಿಲ್ಲ. ಹತ್ತಿಸಲು ಬಂದ ಮುಖ್ಯಗುರುಗಳ ಮಾತನ್ನು ಕಿವಿಗೆ ಹಾಕಿಕೊಳ್ಳಲೂ ಇಲ್ಲ. “ಮೀಸಿ ಬಂದ ಹುಡುಗರಿಗೆ ನಾ ಏನ್ ಹೇಳ್ಲಿ? ಅವಕ್ಕ ಎಲ್ಲಾ ಗೊತ್ತಿರತೈತಿ. ಹಾಲಹಲ್ಲಿನವು ಇರ್ಲಿ ನನಗ” ಎನ್ನುತ್ತಿದ್ದರು. ಇದೇನು ಮಹಾ ಕೆಲಸ ಎಂದು ಯಾರಿಗಾದರೂ ಅನ್ನಿಸಿದರೆ, ಅಂಥವರು ಆರು ವರ್ಷದ ಒಂದು ಹಿಂಡು ಮಕ್ಕಳನ್ನು ಒಂದೇ ಒಂದು ಮಧ್ಯಾಹ್ನ ಸುಮ್ಮನೆ ಕೂರಿಸಿ ನೋಡಬೇಕು.

ಎಳೆಯ ಮಕ್ಕಳ ಪಠ್ಯದಲ್ಲಿ ಬಿಸಿ ಮತ್ತು ತಂಪು ಎಂಬ ಪುಟ್ಟ ಪಾಠವೊಂದಿದೆ. ನಾವು ಉಳಿದ ಶಿಕ್ಷಕರೆಲ್ಲ ಅದನ್ನು ಒಂದು ಅವಧಿಯಲ್ಲಿ ಮುಗಿಸುತ್ತೇವೆ: ಸೂರ್ಯನ ಚಿತ್ರ ತೋರಿಸಿದರೆ ಮಕ್ಕಳು ಬಿಸಿ ಎಂದು ಕಿರುಚುತ್ತವೆ, ಐಸಿನ ಚಿತ್ರ ತೋರಿಸಿದರೆ ತಂಪು ಎಂದು ಕಿರುಚುತ್ತವೆ, ಗಂಟೆ ಹೊಡೆಯುತ್ತದೆ. ರಮಾಬಾಯಿಯವರು ಅದೇ ಪಾಠವನ್ನು ವರ್ಷವಿಡೀ ಎಳೆಯುತ್ತಿದ್ದರು. ಯಾಕೆ ಇಷ್ಟು ಹೊತ್ತು ಎಂದು ಮೇಲಿನವರೊಬ್ಬರು ತಪಾಸಣೆಗೆ ಬಂದಾಗ ಕೇಳಿದ್ದರಂತೆ. “ಅಕ್ಷರ ತಪ್ಪಿದ್ರ ಅಳಸಾಕ ರಬ್ಬರ್ ಐತ್ರಿ ಸಾಹೇಬ್ರ. ಕೈ ಸುಟ್ರ ಏನೈತಿ?” ಎಂದು ಇವರು ಮರುಪ್ರಶ್ನೆ ಹಾಕಿದರು. ಸಾಹೇಬರು ಚಹಾ ಕುಡಿದು ಮುಂದಿನ ಶಾಲೆಗೆ ನಡೆದರು.

ಶಿರೂರಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಅವರು ಮೊದಲು ಸೇವೆಗೆ ಸೇರಿದ್ದು ಬಾದಾಮಿ ತಾಲ್ಲೂಕಿನಲ್ಲಿ, ಮಹಾಕೂಟದ ಹಾದಿಯ ಒಂದು ಸಣ್ಣ ಶಾಲೆಗೆ. ಅಲ್ಲಿಯ ಮಕ್ಕಳಲ್ಲಿ ಅರ್ಧದಷ್ಟು ಗುಡಿಯ ಮುಂದೆ ಕಾಯಿ ಕರ್ಪೂರ ಮಾರುವವರ ಮಕ್ಕಳು. ಬೆಳಿಗ್ಗೆ ಹೊಂಡದಲ್ಲಿ ಮನಸೋ ಇಚ್ಛೆ ಈಜಿ, ಒದ್ದೆ ಚಡ್ಡಿಯಲ್ಲೇ ಬಂದು ಗಡಗಡ ನಡುಗುತ್ತ ಕೂರುವಂಥವು. ಹೊಸದಾಗಿ ಬಂದ ಅಕ್ಕಾರು ಬೈಯುತ್ತಾರೆಂದು ಅವು ಕಾದವು. ಅಕ್ಕಾರು ಎಲ್ಲರನ್ನೂ ಎಳೆಬಿಸಿಲಿನ ಅಂಗಳಕ್ಕೆ ಕರೆದೊಯ್ದು, “ಕಾಲಿಗೆ ಹೆಂಗೈತಿ? ಚಡ್ಡಿಗೆ ಹೆಂಗೈತಿ?” ಎಂದು ಕೇಳುತ್ತ ಪಾಠವನ್ನೇ ಶುರು ಮಾಡಿಬಿಟ್ಟರು. ಮರುವಾರ ಮನೆಯಿಂದ ಹಳೆಯ ಅಂಗಿಗಳ ಗಂಟೊಂದು ತಂದು ಶಾಲೆಯ ಗೂಟಕ್ಕೆ ನೇತುಹಾಕಿದರು. ಆ ಅಂಗಿ ತೊಟ್ಟು ಬೆಚ್ಚಗಾದ ಎಷ್ಟೋ ಜನ ಇಂದು ಅದೇ ಮಹಾಕೂಟದಲ್ಲಿ ಅಂಗಡಿಗಳ ಯಜಮಾನರಾಗಿದ್ದಾರೆ, ಅಕ್ಕಾರು ಹೋದರೆ ಕಾಯಿಗೆ ದುಡ್ಡು ಮುಟ್ಟುವುದಿಲ್ಲ.

ಅಲ್ಲಿಂದ ಬಾಗಲಕೋಟೆಯ ನವನಗರಕ್ಕೆ ವರ್ಗವಾಯಿತು. ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಸೇರಿ, ಮನೆ ಬಿಟ್ಟು ಬಂದ ಕುಟುಂಬಗಳು ಇನ್ನೂ ಹೊಸ ಓಣಿಗಳಿಗೆ ಒಗ್ಗಿಕೊಳ್ಳುತ್ತಿದ್ದ ಕಾಲವದು. ಶಾಲೆಯೆಂದರೆ ತಗಡಿನ ಶೆಡ್ಡು. ಮಾರ್ಚಿ ಬಂತೆಂದರೆ ಒಳಗೆ ಕೂತವರು ಬೇಯುವುದೊಂದೇ ಬಾಕಿ. ರಮಾಬಾಯಿಯವರು ಕಿಟಕಿಗಳಿಗೆ ನೀರು ಚಿಮುಕಿಸಿದ ಗೋಣಿತಟ್ಟು ಕಟ್ಟಿ, ಮಣ್ಣಿನ ಕೊಡದಲ್ಲಿ ನೀರಿಟ್ಟು, ಆ ಸೆಖೆಯಲ್ಲೂ ಮಕ್ಕಳಿಗೆ ತಂಪು ಎಂದರೇನೆಂದು ತಿಳಿಸಿದರು. ಇಲಾಖೆಯಿಂದ ಬಂದ ಭಿತ್ತಿಪಟದಲ್ಲಿ ಹಿಮದ ಪರ್ವತವಿತ್ತು. ಇದೇನು ಎಂದು ಕೇಳಿದರೆ ತರಗತಿಗೆ ತರಗತಿಯೇ “ಹತ್ತಿ ಒಟ್ಟ್ಯಾರ್ರಿ ಅಕ್ಕಾರ!” ಎಂದಿತು. ಅಕ್ಕಾರು ಬಿದ್ದು ಬಿದ್ದು ನಕ್ಕು ಪಟವನ್ನು ಸುರುಳಿ ಸುತ್ತಿಟ್ಟು, ತಳ್ಳುಗಾಡಿಯವನನ್ನು ಕರೆದು ಎಲ್ಲರ ಕೈಗೂ ಒಂದೊಂದು ಐಸ್‌ಕ್ಯಾಂಡಿ ಕೊಡಿಸಿದರು.

ಸೇವೆಯ ಕೊನೆಯ ಹಾಗೂ ದೀರ್ಘವಾದ ಅವಧಿಯನ್ನು ಅವರು ಕಳೆದದ್ದು ಇಳಕಲ್ ಸಮೀಪದ ಹಳ್ಳಿಯ ಶಾಲೆಯಲ್ಲಿ. ಮಗ್ಗದ ಸದ್ದು ತರಗತಿಯ ಒಳಗೂ ಕೇಳುವ ಊರು. ಅಂಗಳದಲ್ಲಿ ಮಕ್ಕಳು ಕೂರಲೆಂದು ಹಾಕಿದ ಕೆಂಪು ಗ್ರಾನೈಟ್ ಹಾಸುಗಲ್ಲು ಅರ್ಧ ಬೇವಿನ ನೆರಳಲ್ಲಿ, ಅರ್ಧ ಬಿಸಿಲಲ್ಲಿ. ಇವರಿಗೆ ಅದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕಿರಲಿಲ್ಲ. ಆ ಊರಿನಲ್ಲಿಯೇ ಅವರ ಪಾಠಕ್ಕೊಂದು ಪದ್ಧತಿ ಗಟ್ಟಿಯಾಯಿತು. ಯಾವುದನ್ನೂ ಬೆರಳ ತುದಿಯಿಂದ ಹಿಡಿಯುವ ಮುಂಚೆ ಅಂಗೈಯ ಹಿಂಬದಿಯನ್ನು ಹತ್ತಿರ ಒಯ್ಯಬೇಕು, ಆಮೇಲೆ ಮೆಲ್ಲಗೆ ತಾಗಿಸಬೇಕು, ಆಮೇಲೆ ಬಿಸಿಯೋ ತಂಪೋ ಎಂದು ಬಾಯಿಬಿಡಬೇಕು. ಬೆಳಗಿನ ಹಾಲಿನ ಲೋಟಕ್ಕೂ, ಮಧ್ಯಾಹ್ನದ ಸಾರಿನ ತಟ್ಟೆಗೂ ಇದೇ ನಿಯಮ. ಅವರ ಕಾಲದಲ್ಲಿ ಆ ಶಾಲೆಯ ಒಂದು ಮಗುವೂ ನಾಲಿಗೆ ಸುಟ್ಟುಕೊಳ್ಳಲಿಲ್ಲವೆಂದು ಬಿಸಿಯೂಟದ ಅಡುಗೆಯ ಖೈರುನಬಿ ಇಂದಿಗೂ ಹೆಮ್ಮೆಯಿಂದ ಹೇಳುತ್ತಾಳೆ.

ಆದರೆ ಆ ನಿಯಮಕ್ಕೆ ಇನ್ನೊಂದು ನಿಯಮ ಅಂಟಿಕೊಂಡಿತ್ತು. ಮುಂದೆ ಚಾಚುವುದು ಬಲಗೈಯೇ ಆಗಬೇಕು. ಗುರುಗಳ ಮುಂದೆ ಎಡಗೈ ಒಡ್ಡುವುದೆಂದರೆ ಈ ಕಡೆ ಸೊಕ್ಕು. ಉಣ್ಣುವ ಲೋಟಕ್ಕೆ ಎಡಗೈ ತಾಗಿಸಿದರೆ ಖೈರುನಬಿ ಸೌಟು ಹಿಡಿದುಕೊಂಡೇ ಹೊರಗೆ ಬರುವವಳು. ರಮಾಬಾಯಿಯವರೂ ಹಾಗೆಯೇ ಬೆಳೆದವರು. ಎಡಗೈ ಮುಂದೆ ಮಾಡಿದ ಮಗುವಿಗೆ ಅವರು ಬೈಯುತ್ತಿರಲಿಲ್ಲ, ಸುಮ್ಮನೆ ಅದನ್ನು ಕೆಳಗಿಳಿಸಿ ಬಲಗೈಯನ್ನು ಎತ್ತುತ್ತಿದ್ದರು. ಹೀಗಾಗಿ ಇಷ್ಟು ವರ್ಷಗಳಲ್ಲಿ ತಮ್ಮ ಮಕ್ಕಳ ಎಡಗೈಗಳನ್ನು ಅವರು ಸರಿಯಾಗಿ ಕಂಡಿರಲೇ ಇಲ್ಲ.

ನಿವೃತ್ತಿಗೆ ಇನ್ನೊಂದು ವರ್ಷವಿದೆ ಎನ್ನುವಾಗ ಹುನಗುಂದದಲ್ಲಿ ನಲಿಕಲಿ ಶಿಕ್ಷಕರಿಗೆ ತರಬೇತಿ ನಡೆಯಿತು. ನಡೆಸಿಕೊಟ್ಟವರು ಸಂಪನ್ಮೂಲ ವ್ಯಕ್ತಿ ಸುನೀಲಕುಮಾರ. ವಯಸ್ಸಿನಲ್ಲಿ ಅಕ್ಕಾರ ಮಗನಷ್ಟು. ಅವರೊಂದು ಆಟ ತೋರಿಸಿದರು. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ, ಉಗುರುಬೆಚ್ಚಗಿಂತ ತುಸು ಬಿಸಿಯಾದ ನೀರಿನ ಲೋಟವನ್ನು ಒಂದು ಕೈಗೂ ತಣ್ಣೀರಿನ ಲೋಟವನ್ನು ಇನ್ನೊಂದು ಕೈಗೂ ಒಟ್ಟಿಗೇ ತಾಗಿಸಿ, ಯಾವ ಕೈಗೆ ಯಾವುದೆಂದು ಕೇಳುವುದು. ಅಕ್ಕಾರಿಗೆ ಇದು ಸರಿಬರಲಿಲ್ಲ. “ಸರ್, ಎಡಗೈ ಯಾಕ? ಇಷ್ಟ ದಿನ ಒಂದ ಕೈಲೇ ಪಾಠ ಆಗೇತಿ” ಎಂದರು. ಸುನೀಲಕುಮಾರ ನಕ್ಕು, “ಅಕ್ಕಾರ, ಮಕ್ಕಳಿಗೆ ಇರೋವು ಎರಡು ಕೈ ಅಲ್ರೀ? ಒಂದ ಸಲ ಮಾಡಿ ನೋಡ್ರಿ, ಸೇರಲಿಲ್ಲಂದ್ರ ಬಿಡ್ರಿ” ಎಂದರು. ಹುಡುಗ ಮರ್ಯಾದೆಯಿಂದ ಹೇಳಿದನಲ್ಲ ಎಂದು ಇವರು ಒಪ್ಪಿದರು. ಊಟದ ಲೋಟಗಳ ಗೊಡವೆಯೇ ಬೇಡವೆಂದು ಬರುವಾಗ ಹುನಗುಂದದ ಪೇಟೆಯಲ್ಲಿ ಬೇರೆ ಎರಡು ಸ್ಟೀಲ್ ಲೋಟ ಕೊಂಡು ತಂದರು.

ಆಟ ಮಕ್ಕಳಿಗೆ ಹುಚ್ಚು ಹಿಡಿಸಿತು. ಎರಡನೆಯ ಇಯತ್ತೆಯ ದಾನೇಶ್ವರಿಯ ಸರದಿ ಬಂತು. ನೇಕಾರರ ಮನೆಯ ಹುಡುಗಿ. ತಂದೆ ಮಗ್ಗದ ಮೇಲೆ, ತಾಯಿ ನೂಲಿನ ಕಂಡಿಕೆ ಸುತ್ತುತ್ತ, ಅಡುಗೆಯೆಲ್ಲ ಅಜ್ಜಿ ಬಸಲಿಂಗವ್ವನ ಕೈಯಲ್ಲಿ. ಮೊಮ್ಮಗಳು ಕಾದ ಹಂಚಿನ ಅಂಚಿಗೆ ಕೈ ತಾಗಿ ಗುಳ್ಳೆ ಎದ್ದರೂ ಅಳದ ಗಟ್ಟಿಗಿತ್ತಿ ಎಂದು ಆ ಅಜ್ಜಿ ಓಣಿಯ ತುಂಬ ಹೇಳಿಕೊಂಡಿದ್ದಳು, ಅಕ್ಕಾರೂ ಅದನ್ನು ಕೇಳಿ ಹುಡುಗಿಯ ಬೆನ್ನು ತಟ್ಟಿದ್ದರು. ಈಗ ಕಣ್ಣು ಕಟ್ಟಿ, ಎರಡೂ ಕೈಗಳ ಹಿಂಬದಿಗೆ ಲೋಟ ತಾಗಿಸಿ ಕೇಳಿದರು. ಬಲಗೈ ತಣ್ಣಗ ಐತಿ ಎಂದು ಹುಡುಗಿ ಥಟ್ಟನೆ ಹೇಳಿದಳು. ಎಡಗೈ?

“ಎಡಗೈಗೆ ಇನ್ನೂ ಮುಟ್ಟಸಿಲ್ರಿ ಅಕ್ಕಾರ.”

ಮಕ್ಕಳು ಗೊಳ್ಳೆಂದು ನಕ್ಕವು. ಬಿಸಿ ಲೋಟ ಹುಡುಗಿಯ ಕಿರುಬೆರಳ ಬುಡಕ್ಕೆ ಒತ್ತಿಕೊಂಡೇ ಇತ್ತು. ಅಕ್ಕಾರು ಕೊಂಚ ಸಿಟ್ಟಿನಿಂದ, “ಚ್ಯಾಷ್ಟಿ ಮಾಡಬ್ಯಾಡವಾ, ಖರೆ ಹೇಳು” ಎಂದು ಲೋಟ ಅದಲುಬದಲು ಮಾಡಿದರು. ಬಲಗೈ ಬಿಸಿ ಎಂದಿತು. ಎಡಗೈ ಇನ್ನೂ ಕಾಯುತ್ತಲೇ ಇತ್ತು. ಹುಡುಗಿ ಮುಖವನ್ನು ತುಸು ಮೇಲೆತ್ತಿ, ಆಟದ ಖುಷಿಯಲ್ಲೇ, “ಲಗೂ ಮುಟ್ಟಸ್ರಿ ಅಕ್ಕಾರ” ಎಂದಳು. ಆಗ ರಮಾಬಾಯಿಯವರು ಆ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. ಕಿರುಬೆರಳಿನಿಂದ ಮಣಿಕಟ್ಟಿನ ತನಕ ಚರ್ಮ ಒಂದಿಷ್ಟು ತಿಳಿಯಾಗಿತ್ತು, ಮಾಸಿದ ಬಟ್ಟೆಯ ಹಾಗೆ.

ಆರೋಗ್ಯ ಕೇಂದ್ರದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದ ಮಾತುಗಳನ್ನು ಅವರು ಓದಿನ ಅಭ್ಯಾಸಕ್ಕೆಂದು ಮಕ್ಕಳಿಂದಲೇ ಎಷ್ಟೋ ಸಲ ಓದಿಸಿದ್ದರು: ಸ್ಪರ್ಶವಿಲ್ಲದ ತಿಳಿ ಮಚ್ಚೆಯಿದ್ದರೆ ಕುಷ್ಠರೋಗವಿರಬಹುದು, ತೋರಿಸಿಕೊಳ್ಳಿ, ಚಿಕಿತ್ಸೆ ಉಚಿತ. ಮಗು ತಪ್ಪು ಹೇಳುತ್ತಿರಲಿಲ್ಲ. ಅದರ ಪಾಲಿಗೆ ಯಾರೂ ಮುಟ್ಟಿಸಿರಲೇ ಇಲ್ಲ. ಇಷ್ಟು ದಿನ ಬಲಗೈ ಬಲಗೈ ಎಂದು ಎಡಗೈಯನ್ನು ಕೆಳಗಿಳಿಸಿದ್ದು ತಾವೇ ಎಂಬ ನೆನಪು ಅವರನ್ನು ಆ ಇಡೀ ದಿನ ಸುಟ್ಟಿತು. ತರಗತಿಯ ಮುಂದೆ ಮಾತ್ರ ಅವರು ಹುಡುಗಿಯ ಕಣ್ಣುಪಟ್ಟಿ ಬಿಚ್ಚಿ, ನೀನೇ ಗೆದ್ದಿ ಎಂದು ಹೇಳಿ ಕೂರಿಸಿದರು.

ಸಂಜೆ ಅವರು ನೇರವಾಗಿ ಹುಡುಗಿಯ ಮನೆಗೆ ಹೋದರು. ಬಸಲಿಂಗವ್ವ ಮಾತು ಪೂರ್ತಿ ಕೇಳಲೂ ಇಲ್ಲ.

“ಅದು ಬರೇ ಚಿಬ್ಬು ಐತ್ರಿ. ನಮ್ಮ ಮನ್ಯಾಗ ಅಂಥಾದ್ದು ಇಲ್ಲ. ಇನ್ನೊಮ್ಮೆ ಆ ಮಾತು ತೆಗೀಬ್ಯಾಡ್ರಿ.”

ಮರುದಿನದಿಂದ ದಾನೇಶ್ವರಿ ಶಾಲೆಗೆ ಬರಲಿಲ್ಲ. ಕುಂತಲ್ಲಿ ನಿಂತಲ್ಲಿ ಅಕ್ಕಾರಿಗೆ ಅದೇ ಚಿಂತೆ. ತಡವಾದಷ್ಟೂ ಬೆರಳು ಬಾಗುತ್ತವೆ, ಹುಣ್ಣಾಗುತ್ತವೆ, ಮಗ್ಗದ ಮನೆಯ ಹುಡುಗಿಗೆ ಕೈ ಹೋದರೆ ಉಳಿಯುವುದೇನು? ಹಾಗೆಂದು ಓಣಿಯಲ್ಲಿ ಗದ್ದಲವೆಬ್ಬಿಸಿದರೆ ಆ ಮನೆಗೆ ಯಾರೂ ಕಾಲಿಡುವುದಿಲ್ಲ. ತಡೆಯಲಾರದೆ ಒಂದು ಮಧ್ಯಾಹ್ನ ಮತ್ತೆ ಹೋದರು. ಬಸಲಿಂಗವ್ವ ಒಲೆಯ ಮುಂದಿದ್ದಳು, ಪಕ್ಕದಲ್ಲಿ ಮೊಮ್ಮಗಳು. ಈ ಸಲ ಅಕ್ಕಾರು ರೋಗದ ಹೆಸರೆತ್ತಲಿಲ್ಲ. ತಮಗೆಂದು ಕೊಟ್ಟ ಚಹಾದ ಲೋಟವನ್ನು ಅಜ್ಜಿಯ ಕೈಗೇ ಮರಳಿಸಿ, “ನಾ ಹೇಳೂದು ನಂಬಬ್ಯಾಡ್ರಿ ಬಸಲಿಂಗವ್ವಾರ. ಆರಿದ ಮ್ಯಾಲ ನೀವ ಮುಟ್ಟಿಸಿ ನೋಡ್ರಿ” ಎಂದರು.

ಹುಡುಗಿ ಆಟವೆಂದುಕೊಂಡು ಕಣ್ಣು ಮುಚ್ಚಿದಳು. ಅಜ್ಜಿ ಬೆಚ್ಚಗಿನ ಲೋಟವನ್ನು ಎಡಗೈಗೆ ತಾಗಿಸಿ ಹಿಡಿದಳು. ಹುಡುಗಿ ಕಾದಳು, ಮತ್ತೂ ಕಾದಳು. “ಆಯೀ, ಮುಟ್ಟಸೂದಿಲ್ಲೇನು?”

ಬಸಲಿಂಗವ್ವ ಲೋಟ ಕೆಳಗಿಟ್ಟಳು. “ನಮ್ಮಣ್ಣಗ ಆಗಿತ್ರಿ ಇದು. ದನದ ಮನ್ಯಾಗ ಇಟ್ರು. ದೂರಿಂದ ರೊಟ್ಟಿ ಒಗೀತಿದ್ವಿ. ನಾನೂ ಒಗದೇನಿ. ಈ ಕೂಸಿಗೂ ಹಂಗ ಮಾಡಂತೀರೇನು?”

“ಯಾರಿಗೂ ಗೊತ್ತಾಗಂಗಿಲ್ಲ. ನಾ ಬರ್ತೇನಿ ನಿಮ್ಮ ಜೋಡಿ. ಆಗಿನ ಕಾಲ ಬ್ಯಾರೆ ಇತ್ತು, ಈಗ ಗುಳಿಗಿ ಅದಾವ” ಎಂದರು ಅಕ್ಕಾರು. ಮನೆಯವರ ಹೊರತು ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ ಮಾತು ಕೊಟ್ಟರು.

ಹತ್ತಿರದ ಆಸ್ಪತ್ರೆಯಲ್ಲಿ ಗುರುತಿನವರಿರುತ್ತಾರೆಂದು ಬಸಲಿಂಗವ್ವ ಹಟ ಹಿಡಿದದ್ದರಿಂದ ರಜೆ ಹಾಕಿ ಬಾಗಲಕೋಟೆಗೇ ಕರೆದೊಯ್ದರು. ಕಣ್ಣು ತೋರಿಸಲು ಹೊರಟಿದ್ದೇವೆಂದು ಓಣಿಗೆ ಹೇಳಿದ್ದಾಯಿತು. ಅಲ್ಲಿಯ ಡಾಕ್ಟರಮ್ಮ ಮಗುವಿನ ಕೈ ನೋಡಿ, ಎರಡು ಗಾಜಿನ ನಳಿಕೆ ತರಿಸಿ, ಒಂದಕ್ಕೆ ಬಿಸಿನೀರು ಇನ್ನೊಂದಕ್ಕೆ ತಣ್ಣೀರು ತುಂಬಿ, ಕಣ್ಣು ಮುಚ್ಚಲು ಹೇಳಿದರು. ಅಷ್ಟು ಹೊತ್ತು ಸೆರಗು ಕಚ್ಚಿಕೊಂಡು ಕೂತಿದ್ದ ಬಸಲಿಂಗವ್ವನಿಗೆ ಮಾತು ತಡೆಯಲಾಗಲಿಲ್ಲ. “ಅಯ್ಯ, ಇದ ನಮ್ಮ ಅಕ್ಕಾರ ಪಾಠ ಐತಲ್ರೀ!”

ಡಾಕ್ಟರಮ್ಮ ನಕ್ಕರು. ಪರೀಕ್ಷೆ ಎಲ್ಲ ಮುಗಿಸಿ, ನರಗಳನ್ನು ಒತ್ತಿ ನೋಡಿ, ಬೆರಳುಗಳನ್ನು ಅಗಲಿಸಿ ಕೂಡಿಸಿ, ಕೊನೆಗೆ ಹೇಳಿದರು: “ರೋಗ ಐತಿ, ಖರೆ. ಆದ್ರ ಭಾಳ ಲಗೂ ಬಂದೀರಿ. ಬೆರಳಿನ ಶಕ್ತಿ ಎಲ್ಲಾ ಹಂಗ ಐತಿ. ಆರು ತಿಂಗಳ ಗುಳಿಗಿ ತಪ್ಪದ ಕೊಡ್ರಿ, ಕೈ ಉಳೀತೈತಿ. ಸ್ಪರ್ಶ ತಿರುಗಿ ಬರಬಹುದು, ಪೂರಾ ಬರತೈತಿ ಅಂತ ಮಾತ್ರ ನಾ ಹೇಳಂಗಿಲ್ಲ. ಸಾಲಿ ಬಿಡಸಬ್ಯಾಡ್ರಿ, ಜೋಡಿ ಉಣಸ್ರಿ, ಜೋಡಿ ಮಲಗಸ್ರಿ.” ಜೋಡಿ ಮಲಗಿಸಿ ಎಂಬ ಮಾತು ಕೇಳಿ ಬಸಲಿಂಗವ್ವ ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಬಸ್ಸಿನಲ್ಲಿ ಹುನಗುಂದ ಬರುವವರೆಗೂ ಇಳಿಸಲಿಲ್ಲವಂತೆ.

ಆ ತಿಂಗಳುಗಳು ರಮಾಬಾಯಿಯವರ ಸೇವಾವಧಿಯಲ್ಲೇ ಉದ್ದನೆಯವು. ಹುಡುಗಿ ಶಾಲೆಗೆ ಬರುತ್ತಿದ್ದಳು, ಗುಳಿಗೆ ನುಂಗುತ್ತಿದ್ದಳು, ಎಲ್ಲರೊಡನೆ ಆಡುತ್ತಿದ್ದಳು. ಅಕ್ಕಾರು ಈಗ ಎಲ್ಲ ಮಕ್ಕಳಿಗೂ ಹಾಲಿನ ಲೋಟವನ್ನು ಎರಡೂ ಕೈಗೆ ತಾಗಿಸಿಯೇ ಕೊಡುತ್ತಿದ್ದರು. ಇದೆಂಥ ಹೊಸ ರಿವಾಜು ಎಂದು ಖೈರುನಬಿ ಗೊಣಗಿದಳು. ಅಕ್ಕಾರು ತರಬೇತಿಯ ಮೇಲೆ ಹಾಕಿ ಪಾರಾದರು. ದಾನೇಶ್ವರಿಯ ಎಡಗೈ ದಿನಾ ಸುಮ್ಮನಿರುತ್ತಿತ್ತು. ಗುಳಿಗೆ ಮುಗಿಯುತ್ತ ಬಂದರೂ ಸುಮ್ಮನಿತ್ತು. ಕೈ ಉಳಿದರೆ ಸಾಕು, ಮಿಕ್ಕದ್ದು ಆಸೆಬುರುಕತನ ಎಂದು ಅವರು ತಮಗೆ ತಾವೇ ಬೈದುಕೊಂಡದ್ದೂ ಉಂಟು.

ಒಂದು ಬೆಳಿಗ್ಗೆ ಲೋಟ ತಾಗಿಸಿದ್ದೇ ತಡ, ಹುಡುಗಿ “ಹಾ!” ಎಂದು ಎಡಗೈ ಎಳೆದುಕೊಂಡಳು. ಲೋಟ ಉರುಳಿತು, ಹಾಲು ಅಂಗಳದ ತುಂಬ ಹರಿಯಿತು. “ಬಿಸಿ ಐತ್ರಿ ಅಕ್ಕಾರ!” ಎಂದು ಹುಡುಗಿ ದೂರುವ ದನಿಯಲ್ಲಿ ಹೇಳಿದಳು. ಹಾಲು ಚೆಲ್ಲಿದರೆ ಜನ್ಮದಲ್ಲಿ ಕ್ಷಮಿಸದಿದ್ದ ರಮಾಬಾಯಿಯವರು ಅಡುಗೆಕೋಣೆಯ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು. ಖೈರುನಬಿ ಗಾಬರಿಯಾಗಿ ಓಡಿಬಂದಳು.

“ಹೋಗ್ಲಿ ಬಿಡ್ರಿ ಅಕ್ಕಾರ! ಇನ್ನೊಂದ ಲೋಟ ಕೊಡ್ತೇನಿ. ಹಾಲಿಗೆ ಯಾರರ ಅಳ್ತಾರೇನ್ರಿ?”

ಅಕ್ಕಾರು ಅಳುತ್ತಲೇ ನಕ್ಕರು, ನಗುತ್ತಲೇ ಅತ್ತರು, ಕಾರಣ ಹೇಳುವಂತಿರಲಿಲ್ಲ. ಕಿರುಬೆರಳ ತುದಿಯಲ್ಲಿ ಒಂದಿಷ್ಟು ಮರಗಟ್ಟುವಿಕೆ ಇನ್ನೂ ಇದೆ, ಇರಲೂಬಹುದು. ಉಳಿದ ಕೈಯೆಲ್ಲ ಬಿಸಿಯನ್ನು ಬಿಸಿಯೆಂದೇ ಹೇಳುತ್ತದೆ.

ಜುಲೈ ಕೊನೆಗೆ ಶಾಲೆಯಲ್ಲಿ ಬೀಳ್ಕೊಡುಗೆ ನಡೆಯಿತು. ಇಳಕಲ್ ಸೀರೆ ಉಡಿಸಿ, ಹಾರ ಹಾಕಿ, ಮಾತನಾಡಬೇಕಾದವರೆಲ್ಲ ಮಾತನಾಡಿದರು. ಅಕ್ಕಾರ ಶಿಸ್ತು, ಅಕ್ಕಾರ ಸಮಯಪಾಲನೆ ಎಂದು ನಾವು ಹೊಗಳುತ್ತಿದ್ದ ನಡುವೆ, ಕರೆಯದಿದ್ದರೂ ಬಸಲಿಂಗವ್ವ ಮೊಮ್ಮಗಳ ಕೈ ಹಿಡಿದು ವೇದಿಕೆ ಹತ್ತಿದಳು. ಅವಳು ಏನು ಹೇಳಲಿದ್ದಾಳೆಂದು ಅಕ್ಕಾರಿಗೆ ಹೊಳೆದು, ಬೇಡವೆನ್ನುವಂತೆ ತಲೆಯಾಡಿಸಿದರು. ಬಸಲಿಂಗವ್ವ ನೋಡಿಯೂ ನೋಡದವಳಂತೆ ಮೈಕಿನ ಮುಂದೆ ನಿಂತಳು.

“ನಿಮಗ್ಯಾರಿಗೂ ಗೊತ್ತಿಲ್ಲ, ಹೇಳ್ತೇನಿ. ನನ್ನ ಮೊಮ್ಮಗಳಿಗೆ ಕುಷ್ಠ ಆಗಿತ್ತು. ಈ ಅಕ್ಕಾರು ಹಿಡದ್ರು. ಗುಳಿಗಿ ಮುಗದಾವು, ಆರಾಮ ಆಗ್ಯಾಳ. ನಮ್ಮಣ್ಣಗ ಇದ ರೋಗ ಆದಾಗ ಮುಚ್ಚಿಟ್ವಿ, ಅವನ ಕೈ ಹೋದ್ವು. ಅಕ್ಕಾರು ನನಗ ಕೊಟ್ಟ ಮಾತು ಉಳಸ್ಯಾರ. ಆ ಮಾತಿನಿಂದ ಅವರನ್ನ ಇವತ್ತ ನಾನ ಬಿಡಸ್ತೇನಿ. ನಿಮ್ಮ ಮಕ್ಕಳ ಎರಡೂ ಕೈ ನೋಡ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಎದ್ದು ಹೋಗಲು ಸಿದ್ಧರಾದಂತೆಯೂ ಕಂಡಿತು. ಮೊದಲು ಕದಲಿದವಳು ಖೈರುನಬಿ. ಸೀದಾ ವೇದಿಕೆಗೆ ಬಂದು, ದಾನೇಶ್ವರಿಯ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಬಳಿಕ ಅಕ್ಕಾರ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತ, ಇಷ್ಟು ದಿನ ತನಗೂ ಹೇಳಲಿಲ್ಲವೆಂದು ಜಗಳ ತೆಗೆದಳು. ಆಮೇಲೆ ಒಬ್ಬ ತಾಯಿ ತನ್ನ ಕೂಸನ್ನು ಮುಂದೆ ತಳ್ಳಿದಳು, “ಇವನ್ನೂ ಒಂದೀಟ ನೋಡ್ರಿ ಅಕ್ಕಾರ.” ಆಕೆಯ ಹಿಂದೆ ಇನ್ನೊಬ್ಬಳು. ಅವಳ ಹಿಂದೆ, ನಾಚಿಕೊಳ್ಳುತ್ತ, ಅಂಗಿಯ ತೋಳು ಮಡಚಿದ ಗಂಡಸರು. ಅಡುಗೆಕೋಣೆಯಿಂದ ಎರಡು ಲೋಟ ಬಂದವು, ಒಂದರಲ್ಲಿ ಬೆಚ್ಚನೆಯ ನೀರು, ಒಂದರಲ್ಲಿ ಕೊಡದ ನೀರು. ಕೊರಳಲ್ಲಿ ಹಾರ ಹಾಗೇ ಇದ್ದು, ರಮಾಬಾಯಿಯವರು ಸನ್ಮಾನದ ಕುರ್ಚಿಯಲ್ಲಿ ಕೂತು ಊರಿಗೆ ಊರಿನದೇ ಕಣ್ಣು ಮುಚ್ಚಿಸಿ ಸಂಜೆಯ ತನಕ ಕೈ ನೋಡಿದರು. ಉಳಿದ ಭಾಷಣಗಳು ಹಾಗೇ ಉಳಿದವು, ಯಾರೂ ಕೇಳಲಿಲ್ಲ.

ಅಂದು ಒಬ್ಬರ ಕೈಯಲ್ಲೂ ಏನೂ ಸಿಗಲಿಲ್ಲ. ಎಲ್ಲರಿಗೂ ಬಿಸಿ ಬಿಸಿಯಾಗಿಯೇ ತಾಗಿತು, ತಂಪು ತಂಪಾಗಿಯೇ ತಾಗಿತು. ಕೊನೆಯ ಕೈ ನೋಡಿ ಮುಗಿದಾಗ ಅಕ್ಕಾರು ಲೋಟ ಕೆಳಗಿಟ್ಟು, “ಅಬ್ಬಾ, ಆತು” ಎಂದು ಉಸಿರುಬಿಟ್ಟರು. ಸುತ್ತಲಿನ ಅಂಗನವಾಡಿಗಳವರು ಈಗಾಗಲೇ ಅವರನ್ನು ವಾರಕ್ಕೊಂದು ದಿನ ಕರೆಯತೊಡಗಿದ್ದಾರೆ. ಸುನೀಲಕುಮಾರ ತಮ್ಮ ಮೋಟಾರ್‌ಸೈಕಲ್ ಮೇಲೆ ಕರೆದೊಯ್ಯುತ್ತಾರೆ. ಈ ತಿರುಗಾಟಕ್ಕೆ ಬೇಕಾದ ಗಟ್ಟಿ ಕಾಲು, ಚುರುಕು ಕಣ್ಣು, ನೂರು ತುಂಬುವ ಆಯುಷ್ಯ ಅವರಿಗೆ ಇರಲಿ. ಅವರು ತೆಗೆದುಕೊಂಡು ಹೋಗುವ ಲೋಟ ಯಾವ ಊರಿನ ಯಾವ ಮಗುವಿನ ಕೈಗೆ ತಾಗಿದರೂ, ಆ ಮಗು ಅಯ್ಯೋ ಬಿಸಿ ಎಂದು ಕೈ ಎಳೆದುಕೊಳ್ಳಲಿ.